ಮಾರಮ್ಮನ ಗದ್ದೆಯ ವಿಚಾರದಲ್ಲಿ ಕಾಡುಹಂದಿಯವರಲ್ಲಿ ತಡೆಯಾಜ್ಞೆ ಬೇಡಿ ಬರೆದ ಅರಿಕೆ

ಹಿರಿಗದ್ದೆ, ಹೆತ್ತೂರು ಹೋಬಳಿ,
ಸಕಲೇಶಪುರ ತಾಲ್ಲೂಕು.
೧೯೬೬ನೇ ಇಸವಿ, ಭತ್ತಕ್ಕೆ ಹಾಲು ತುಂಬುವ ಕಾಲ.

ಹಿರಿಗದ್ದೆ ಕಾಡಿನ ಸಮಸ್ತ ಗೆಡ್ಡೆಗೆಣಸುಗಳ ಒಡೆಯರೂ, ಎಂಥ ಮುಳ್ಳುಬೇಲಿಯನ್ನೂ ಮೂತಿಯಿಂದಲೇ ಸರಿಸಬಲ್ಲ ಪರಾಕ್ರಮಿಗಳೂ, ಎರಡು ಕೋರೆಗಳಿಂದ ಶೋಭಿತರೂ ಆದ ಶ್ರೀಮಾನ್ ಕಾಡುಹಂದಿ ಮಹಾಶಯರ ಸನ್ನಿಧಾನಕ್ಕೆ ಅದೇ ಊರಿನ ಶಾಂತಮಲ್ಲಪ್ಪನು ದೂರದಲ್ಲೇ ನಿಂತು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಸಂಸಾರ ಸಮೇತ ಕ್ಷೇಮವೆಂದು ನಂಬಿದ್ದೇನೆ. ನಂಬುವುದೇನು ಬಂತು, ದಿನಾ ಬೆಳಿಗ್ಗೆ ಗದ್ದೆಯ ಕೆಸರಿನಲ್ಲಿ ತಮ್ಮ ದೊಡ್ಡ ಹೆಜ್ಜೆ, ಅಮ್ಮಾವರ ಹೆಜ್ಜೆ, ಅದರ ಹಿಂದೆ ಮರಿಗಳ ಪುಟ್ಟ ಪುಟ್ಟ ಹೆಜ್ಜೆ ಕಾಣುತ್ತಲೇ ಇರುವಾಗ ತಮ್ಮ ಆರೋಗ್ಯ ವಿಚಾರಿಸುವುದು ಬರೀ ಉಪಚಾರಕ್ಕೆ. ನಾವೂ ಇಲ್ಲಿ ಕ್ಷೇಮವೇ, ಅಕ್ಕಿಯ ವಿಚಾರ ಒಂದನ್ನು ಬಿಟ್ಟರೆ. ಆ ವಿಚಾರ ನನಗಿಂತ ತಮಗೇ ಚೆನ್ನಾಗಿ ಗೊತ್ತು.

ಹಂದಿಗೆ ಕಾಗದ ಬರೆಯುವವರುಂಟೇ ಎಂದು ನನ್ನ ಮನೆಯವಳು ದೇವೀರಮ್ಮ ಬೆಳಿಗ್ಗೆಯಿಂದ ಆಡಿಕೊಂಡು ನಗುತ್ತಿದ್ದಾಳೆ. ‘ಊರಲ್ಲಿರೋ ಸಾಹೇಬ್ರಿಗೆಲ್ಲ ಬರ್ದು ಬರ್ದು ಮಸಿ ಖಾಲಿ ಮಾಡಾಯ್ತು, ಇನ್ನು ಕಾಡಲ್ಲಿರೋ ಸಾಹೇಬ್ರೊಬ್ರು ಬಾಕಿ ಇದ್ರು ಕಣ್ರೀ’ ಎಂದು ಒಲೆಯ ಮುಂದಿನಿಂದಲೇ ಕೂಗಿ ಹೇಳಿದಳು. ಅವಳ ಮಾತಿನಲ್ಲಿ ತಪ್ಪೇನಿಲ್ಲ. ಎರಡು ವರ್ಷದಿಂದ ನಾನು ಬರೆಯದ ಕಚೇರಿಯಿಲ್ಲ, ಹತ್ತದ ಮೆಟ್ಟಿಲಿಲ್ಲ. ಕೆಳಗಿನವರು ಇದು ಮೇಲಿನವರ ಕೈಯಲ್ಲಿದೆ ಎಂದರು, ಮೇಲಿನವರು ಕೆಳಗಿನವರ ಕೈಯಲ್ಲಿದೆ ಎಂದರು, ಇಷ್ಟರ ನಡುವೆ ಯಾರನ್ನೂ ಕಾಯಿಸದೆ, ಯಾವ ಫೈಲನ್ನೂ ತರಿಸದೆ, ತೀರ್ಮಾನ ಮಾಡಿದ ದಿನವೇ ಅದನ್ನು ಜಾರಿಗೆ ತರುವ ಒಬ್ಬರೇ ಒಬ್ಬ ಅಧಿಕಾರಿ ನಮ್ಮ ಹೋಬಳಿಯಲ್ಲಿದ್ದರೆ ಅದು ತಾವು. ಆದ್ದರಿಂದ ನೇರವಾಗಿ ತಮ್ಮ ಹತ್ತಿರವೇ ಬಂದಿದ್ದೇನೆ.

ವಿಷಯ ಇಷ್ಟು. ಊರಿನ ಗದ್ದೆಬಯಲು ಮುಗಿದು ತಮ್ಮ ಕಾಡು ಶುರುವಾಗುವ ಮೂಲೆಯಲ್ಲಿ ಮಾರಮ್ಮನ ಒಂದು ಗದ್ದೆಯಿದೆ. ಗಂಡ ತೀರಿಕೊಂಡ ಮೇಲೆ ಅವಳು ಮತ್ತು ಮಗಳು ಅದರಲ್ಲೇ ಗೇಯ್ದು, ಅದರಲ್ಲಿ ಬಂದ ಭತ್ತವನ್ನೇ ವರ್ಷಪೂರ್ತಿ ಕುಟ್ಟಿ ಉಣ್ಣುತ್ತಾರೆ. ನನಗಾದರೋ ಗದ್ದೆಯ ಜೊತೆಗೆ ನಾಲ್ಕು ಕಾಫಿ ಗಿಡ ಇವೆ, ನಮ್ಮೂರಿನ ದ್ಯಾವಯ್ಯನಿಗೆ ಏಲಕ್ಕಿ ಇದೆ. ಮಾರಮ್ಮನಿಗೆ ಆ ಮೂಲೆ ಗದ್ದೆ ಬಿಟ್ಟರೆ ಬೇರೆ ಗತಿಯಿಲ್ಲ. ತಾವು ಕಾಡಿನಿಂದ ಇಳಿದರೆ ಮೊದಲು ಸಿಗುವುದೂ ಅದೇ. ಹೋದ ವರ್ಷದ ಬೆಳೆಯನ್ನೂ ಅದರ ಹಿಂದಿನ ವರ್ಷದ್ದನ್ನೂ ತಾವು ತಮ್ಮ ಪರಿವಾರದೊಡನೆ ಸ್ವೀಕರಿಸಿದ್ದೀರಿ. ಈ ವರ್ಷದ್ದೂ ಹೋದರೆ ಗದ್ದೆ ಪಾಳು ಬಿಟ್ಟು, ಮಗಳನ್ನು ಕರೆದುಕೊಂಡು ಮಾರನಹಳ್ಳಿ ಕಡೆಯ ಯಾವುದಾದರೂ ಎಸ್ಟೇಟಿನ ಕೂಲಿ ಲೈನಿಗೆ ಸೇರಿಕೊಳ್ಳುತ್ತೇನೆಂದು ಅವಳು ನಿಶ್ಚಯ ಮಾಡಿದ್ದಾಳೆ. ಮಾರಮ್ಮ ಒಂದು ಮಾತು ಆಡಿದಳೆಂದರೆ ಮುಗಿಯಿತು, ಅವಳನ್ನು ಬದಲಾಯಿಸಲು ಅವಳ ಗಂಡನಿಗೇ ಆಗಿರಲಿಲ್ಲ.

ಇನ್ನು ಈ ಎರಡು ವರ್ಷ ತಮ್ಮನ್ನು ತಡೆಯುವವರು ಯಾರೂ ಇಲ್ಲದೆ ಹೋದದ್ದೇಕೆ ಎಂಬ ಕುತೂಹಲ ತಮಗೂ ಇದ್ದೀತು. ಅದಕ್ಕಿಂತ ಹಿಂದೆ ನಮ್ಮೂರಿನಲ್ಲಿ ಒಂದು ತೋಟೆ ಕೋವಿ ಇದ್ದದ್ದು ತಮಗೆ ನೆನಪಿದೆ. ತಮ್ಮ ಚಿಕ್ಕಪ್ಪನವರಿಗೆ ಇನ್ನೂ ಚೆನ್ನಾಗಿ ನೆನಪಿರುತ್ತಿತ್ತು, ಅವರು ಈಗ ಇಲ್ಲ. ಬೆಳೆ ಕಾಯಲೆಂದು ಸರ್ಕಾರ ಅದಕ್ಕೆ ಕೊಟ್ಟ ಲೈಸೆನ್ಸು ಮೊದಲು ನಮ್ಮ ತಂದೆಯವರ ಹೆಸರಿನಲ್ಲಿತ್ತು, ಆಮೇಲೆ ನನ್ನ ಹೆಸರಿಗೆ ಬಂತು. ಆದರೆ ನಮ್ಮದು ಲಿಂಗ ಕಟ್ಟಿದ ಮನೆ. ನಾನು ಆ ಕೋವಿಯನ್ನು ಮುಟ್ಟುತ್ತಿದ್ದದ್ದು ಆಯುಧಪೂಜೆಯ ದಿನ, ಅದಕ್ಕೆ ವಿಭೂತಿ ಹಚ್ಚಿ ಹೂವು ಇಡುವುದಕ್ಕೆ ಮಾತ್ರ. ಯಾರಾದರೂ ಈಡು ಹೊಡೆದರೆ ಈಗಲೂ ನಾನು ಎರಡೂ ಕಿವಿ ಮುಚ್ಚಿಕೊಳ್ಳುತ್ತೇನೆ.

ಹಾಗಾದರೆ ಕೋವಿ ಹಿಡಿಯುತ್ತಿದ್ದವರು ಯಾರು? ಎಲ್ಲರೂ. ಮಾನ್ಯರೇ, ನಮ್ಮಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ: ಇವತ್ತು ನನ್ನ ಗದ್ದೆಯ ನಾಟಿಗೆ ನೀನು ಬಾ, ನಾಳೆ ನಿನ್ನ ಗದ್ದೆಯ ನಾಟಿಗೆ ನಾನು ಬರುತ್ತೇನೆ, ಕೂಲಿಯ ಮಾತೇ ಇಲ್ಲ. ಎತ್ತೂ ಹಾಗೆಯೇ ಹೋಗುತ್ತದೆ, ನೇಗಿಲೂ ಹಾಗೆಯೇ ಹೋಗುತ್ತದೆ. ಕೋವಿಯೊಂದು ಏನು ಪಾಪ ಮಾಡಿತ್ತು? ಅದೂ ಮುಯ್ಯಿಗೆ ಹೋಗುತ್ತಿತ್ತು. ಇವತ್ತು ದ್ಯಾವಯ್ಯನ ಕಾವಲಾದರೆ ದ್ಯಾವಯ್ಯನ ಹೆಗಲ ಮೇಲೆ, ನಾಳೆ ಲಕ್ಕಯ್ಯನ ಕಾವಲಾದರೆ ಲಕ್ಕಯ್ಯನ ಅಟ್ಟಣೆಯ ಮೇಲೆ, ಮೂಲೆ ಗದ್ದೆಯ ಸರದಿ ಬಂದರೆ ಮಾರಮ್ಮನ ಕೈಯಲ್ಲಿ. ತಾವು ಯಾವ ಗದ್ದೆಗೆ ಇಳಿದರೂ ಕೋವಿ ತಮಗಿಂತ ಮೊದಲು ಅಲ್ಲಿರುತ್ತಿತ್ತು, ಲೈಸೆನ್ಸಿನವನಾದ ನಾನು ಮಾತ್ರ ಮನೆಯಲ್ಲಿ ಹೊದ್ದು ಮಲಗಿರುತ್ತಿದ್ದೆ. ಇದರಲ್ಲಿ ತಪ್ಪಿದೆ ಎಂದು ನಮ್ಮ ಊರಿನ ಒಬ್ಬರಿಗೂ ಒಂದು ದಿನವೂ ಹೊಳೆದಿರಲಿಲ್ಲ, ತಮ್ಮ ಕಡೆಯಿಂದಲೂ ಆಗ ಯಾವ ಆಕ್ಷೇಪಣೆಯೂ ಬಂದಿರಲಿಲ್ಲ.

ಹೀಗಿರುವಾಗ ಲೈಸೆನ್ಸು ಕೊಡುವ ದೊಡ್ಡ ಸಾಹೇಬರ ಜೀಪು ಒಂದು ದಿನ ಹೆತ್ತೂರು ರಸ್ತೆಯ ಕೆಸರಿನಲ್ಲಿ ಹೂತುಕೊಂಡಿತು. ಜೀಪು ನೂಕಲು ಓಡಿಬಂದವನು ನಮ್ಮ ದ್ಯಾವಯ್ಯ. ನೂಕುವ ಮೊದಲು ಹೆಗಲ ಮೇಲಿನ ಕೋವಿಯನ್ನು ಮರ್ಯಾದೆಯಿಂದ ಜೀಪಿನ ಬಾನೆಟ್ಟಿಗೇ ಒರಗಿಸಿದ. ಇದು ಯಾರ ಕೋವಿ ಎಂದು ಸಾಹೇಬರು ಕೇಳಿದರಂತೆ. ‘ಇವತ್ತು ನಂದು ಸಾಮಿ, ನಾಳಿಕೆ ಲಕ್ಕಯ್ಯಂದು’ ಎಂದನಂತೆ ದ್ಯಾವಯ್ಯ. ಸಾಹೇಬರು ಬೇರೇನೂ ಕೇಳಲಿಲ್ಲ, ಜೀಪು ಹೊರಟಿತು, ಅದಾದ ಕೆಲವೇ ದಿನಕ್ಕೆ ಪೊಲೀಸಿನವರು ಬಂದು ಒಂದು ಚೀಟಿ ಕೊಟ್ಟು ಕೋವಿ ಎತ್ತಿಕೊಂಡು ಹೋದರು. ಚೀಟಿಯಲ್ಲಿ, ಲೈಸೆನ್ಸ್‌ದಾರನು ಆಯುಧವನ್ನು ಸರಿಯಾಗಿ ಇಟ್ಟುಕೊಂಡಿಲ್ಲವಾಗಿ ಲೈಸೆನ್ಸು ರದ್ದು ಎಂದು ಒಂದೇ ಸಾಲು. ಸಾಹೇಬರ ಜೀಪನ್ನು ಕೆಸರಿನಿಂದ ಎತ್ತಿದ್ದಕ್ಕೆ ಬಹುಮಾನ ಬರುತ್ತದೆಂದು ದ್ಯಾವಯ್ಯ ಆವತ್ತಿನವರೆಗೂ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ನಾನು ಸಕಲೇಶಪುರದ ವಕೀಲರಾದ ನಸ್ರುಲ್ಲಾ ಸಾಹೇಬರಲ್ಲಿಗೆ ಓಡಿದೆ. ಅವರು ಬಹಳ ಸಮಾಧಾನದ ಮನುಷ್ಯರು, ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಿಮ್ಮನ್ನು ಒಂದು ಮಾತು ಕೇಳಿದರೇ ಎಂದರು. ಇಲ್ಲ ಎಂದೆ. ನೋಟೀಸು ಬಂತೇ ಎಂದರು. ಇಲ್ಲ ಎಂದೆ. ಅವರ ಮುಖ ಅರಳಿತು. ಕೋವಿ ಹೋದವನ ಮುಂದೆ ಇಷ್ಟು ಸಂತೋಷಪಡುವುದು ಸರಿಯಲ್ಲವೆಂದು ಮತ್ತೆ ಗಂಭೀರವಾದರು. ಅಪೀಲು ಬರೆಸಿ ಮೇಲಿನ ಸಾಹೇಬರಿಗೆ ಹಾಕಿದೆವು. ಹಾಗಾದರೆ ಅಪೀಲು ಮುಗಿಯುವ ತನಕ ಕೋವಿ ವಾಪಸು ಬರುತ್ತದೆ ಅಲ್ಲವೇ ಎಂದು ನಾನು ಕೇಳಿದ್ದಕ್ಕೆ ವಕೀಲರು, ಅಪೀಲು ಹಾಕಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ ಶಾಂತಮಲ್ಲಪ್ಪನವರೇ, ನಿಲ್ಲಿಸಿ ಎಂದು ಬೇರೆ ಕೇಳಿಕೊಳ್ಳಬೇಕು, ಅದನ್ನು ಕೊಡುವುದೂ ಬಿಡುವುದೂ ಅವರಿಷ್ಟ ಎಂದರು. ಕೇಳಿಕೊಂಡೆವು. ಅವರ ಇಷ್ಟ ಬೇರೆಯಿತ್ತು. ಅದೇ ಹೊತ್ತಿಗೆ ಭತ್ತಕ್ಕೆ ಹಾಲು ತುಂಬಿತು, ತಾವು ಮೂಲೆ ಗದ್ದೆಗೆ ಮೊದಲ ಸಲ ಯಾವ ಭಯವೂ ಇಲ್ಲದೆ ಇಳಿದಿರಿ.

ಆ ವರ್ಷ ನಾವೂ ಸುಮ್ಮನಿರಲಿಲ್ಲ ಎಂಬುದು ತಮಗೆ ಗೊತ್ತಿದೆ. ಡಬ್ಬ ಬಡಿದೆವು, ಹಲಗೆ ಬಡಿದೆವು, ನಾಯಿ ಕಟ್ಟಿದೆವು. ಮೊದಲೆರಡು ದಿನ ಗೌರವಕ್ಕೆ ಓಡಿದಂತೆ ಮಾಡಿದ ತಾವು ಆಮೇಲೆ ಡಬ್ಬದ ತಾಳಕ್ಕೆ ಸರಿಯಾಗಿ ಅಗಿಯುವುದನ್ನು ಕಲಿತಿರಿ. ನಾಯಿಯಂತೂ ಬೆಳಗಾಗುವುದರೊಳಗೆ ನನ್ನ ಮಂಚದ ಕೆಳಗೆ ಬಂದು ಸೇರಿತ್ತು.

ಮೇಲಿನ ಸಾಹೇಬರ ಆದೇಶ ಮುಂದಿನ ಬೇಸಿಗೆಯಲ್ಲಿ ಬಂತು. ಫೈಲು ನೋಡಲಾಯಿತು, ಕೆಳಗಿನ ಆದೇಶದಲ್ಲಿ ಕೈ ಹಾಕಲು ಕಾರಣ ಕಾಣುವುದಿಲ್ಲ ಎಂದಿತ್ತು. ಇನ್ನು ಹೈಕೋರ್ಟೇ ಗತಿ ಎಂದರು ವಕೀಲರು. ನಾನು ಹಿರಿಹಿರಿ ಹಿಗ್ಗಿ, ಅಂತೂ ಕೋವಿ ಬೇಕೋ ಬೇಡವೋ ಎಂದು ತಿಳಿದವರು ಒಬ್ಬರು ಹೇಳುತ್ತಾರಲ್ಲ ಎಂದೆ. ನಸ್ರುಲ್ಲಾ ಸಾಹೇಬರು ತಲೆಯಾಡಿಸಿ ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು: ಹೈಕೋರ್ಟಿನವರು ಅಡುಗೆಯ ರುಚಿ ನೋಡಲು ಕೂತವರಲ್ಲ, ಎಲೆ ಹಾಕಿ, ಕೂರಿಸಿ, ಬಡಿಸಿದರೋ ಇಲ್ಲವೋ ಅಷ್ಟೇ ನೋಡುತ್ತಾರೆ, ನಿಮಗೆ ಕೋವಿ ಕೊಡಬೇಕೇ ಎಂಬುದನ್ನು ಸಾಹೇಬರೇ ತೀರ್ಮಾನ ಮಾಡಬೇಕು, ತೀರ್ಮಾನಕ್ಕೆ ಬರುವ ಮೊದಲು ನಿಮ್ಮ ಮಾತು ಕೇಳಿದರೇ ಎಂಬುದನ್ನು ಮಾತ್ರ ಕೋರ್ಟು ವಿಚಾರಿಸುತ್ತದೆ. ಇದನ್ನು ನಾನು ಮನೆಗೆ ಬಂದು ದೇವೀರಮ್ಮನಿಗೆ ಹೇಳಿದ್ದಕ್ಕೆ, ಉಂಡವನಿಗೆ ಹೊಟ್ಟೆ ತುಂಬಿತಾ ಅಂತ ಕೇಳೋರು ಯಾರು ಹಾಗಾದ್ರೆ ಎಂದಳು. 

ಬೆಂಗಳೂರಿಗೆ ಹೋದೆ. ತಾವು ತುಳಿದು ಬಿಟ್ಟ ತೆನೆಯ ಒಂದು ಹಿಡಿಯನ್ನು ಚೀಲದಲ್ಲಿಟ್ಟುಕೊಂಡು, ನ್ಯಾಯಮೂರ್ತಿಗಳು ಕೇಳಿದ ಕೂಡಲೇ ಎತ್ತಿ ತೋರಿಸಬೇಕೆಂದು ಆ ಕೆಂಪು ಕಟ್ಟಡದ ಬೆಂಚಿನ ತುದಿಯಲ್ಲಿ ಕೂತಿದ್ದೆ. ತಮ್ಮ ಹೆಸರನ್ನು ಅಲ್ಲಿ ಯಾರೂ ಎತ್ತಲಿಲ್ಲ. ಭತ್ತ ಎಂದು ಯಾರೂ ಅನ್ನಲಿಲ್ಲ. ಇಬ್ಬರು ನ್ಯಾಯಮೂರ್ತಿಗಳು ಬಹಳ ತಾಳ್ಮೆಯಿಂದ ಕೇಳಿದ್ದು ಒಂದೇ: ಇವನಿಗೆ ತಿಳಿಸಿದಿರಾ, ಇವನನ್ನು ಕೇಳಿದಿರಾ? ಸರ್ಕಾರದ ಕಡೆಯ ವಕೀಲರು, ಸ್ವಾಮಿ ಇವನನ್ನು ಕೇಳಿದ್ದರೂ ಹೇಳುವುದಕ್ಕೆ ಇವನ ಹತ್ತಿರ ಏನೂ ಇರಲಿಲ್ಲ ಎಂದರು. ಕೇಳಿದ್ದರೆ ಏನು ಹೇಳುತ್ತಿದ್ದ ಎಂಬುದು ಕೇಳಿದ ಮೇಲೆ ತಾನೇ ಗೊತ್ತಾಗುವುದು ಎಂದರು ದೊಡ್ಡ ನ್ಯಾಯಮೂರ್ತಿಗಳು. ಮಾನ್ಯರೇ, ನನ್ನ ಕಣ್ಣಲ್ಲಿ ನೀರು ಬಂತು. ಹುಟ್ಟಿದಾಗಿನಿಂದ ನನ್ನನ್ನು ಕೇಳಿ ಯಾರೂ ಏನನ್ನೂ ಮಾಡಿದ್ದಿಲ್ಲ. ನಮ್ಮಪ್ಪ ನನ್ನ ಮದುವೆಯನ್ನೂ ಕೇಳದೆಯೇ ನಿಶ್ಚಯಿಸಿದ್ದ. ಅಂಥ ಹಿರಿಗದ್ದೆಯ ಶಾಂತಮಲ್ಲಪ್ಪನನ್ನು ಕೇಳಬೇಕಾಗಿತ್ತು ಎಂದು ಅಷ್ಟು ದೊಡ್ಡವರು ಹೇಳಿದರಲ್ಲ, ಅದೊಂದು ಮಾತಿಗೆ ಬೆಂಗಳೂರಿಗೆ ಹೋದದ್ದು ಸಾರ್ಥಕ ಅನ್ನಿಸಿತು.

ಎರಡೂ ಆದೇಶ ರದ್ದಾಯಿತು. ಊರಿಗೆ ಬಂದು ಎಲ್ಲರಿಗೂ ಸಕ್ಕರೆ ಹಂಚಿದೆ. ‘ಕೋವಿ ಎಲ್ಲೈತೆ?’ ಎಂದು ಮಾರಮ್ಮ ಕೇಳಿದಳು. ಗೆದ್ದೆವು ಮಾರಮ್ಮ, ಇನ್ನು ಸಾಹೇಬರು ನಮಗೆ ನೋಟೀಸು ಕೊಟ್ಟು, ನಮ್ಮ ಮಾತು ಕೇಳಿ, ಹೊಸದಾಗಿ ತೀರ್ಮಾನ ಮಾಡುತ್ತಾರೆ, ಅಲ್ಲಿಯವರೆಗೆ ಕೋವಿ ಠಾಣೆಯಲ್ಲೇ ಇರಬೇಕಂತೆ ಎಂದೆ. ಅವಳು ಕೈಯಲ್ಲಿದ್ದ ಸಕ್ಕರೆಯನ್ನು ಮಗಳ ಬಾಯಿಗೆ ಹಾಕಿ ಗದ್ದೆಯ ಕಡೆ ಹೊರಟುಹೋದಳು.

ಆ ನೋಟೀಸು ಬರುವುದರೊಳಗೆ ಎರಡನೆಯ ಬೆಳೆಯೂ ಹಾಲು ತುಂಬಿತು. ತಾವು ಬಂದಿರಿ. ಆ ಬೆಳಿಗ್ಗೆ ನಾನು ಮೂಲೆ ಗದ್ದೆಯ ಕಡೆ ಹೋದೆ. ಹೂಡುವುದಕ್ಕೆ ನೇಗಿಲು ಬೇಡವೆನ್ನುವ ಹಾಗೆ ಆಗಿತ್ತು ಗದ್ದೆ. ಗಂಡ ಸತ್ತ ದಿನವೂ ಜನರ ಮುಂದೆ ಅಳದ ಹೆಂಗಸು ಬದುವಿನ ಮೇಲೆ ಕೂತು ಜೋರಾಗಿ ಅಳುತ್ತಿದ್ದಳು, ಮಗಳು ಪಕ್ಕದಲ್ಲಿ ನಿಂತು ತುಳಿದ ತೆನೆಗಳನ್ನು ಒಂದೊಂದಾಗಿ ಎತ್ತಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ನನಗೆ ತಮ್ಮ ಮೇಲೆ ಸಿಟ್ಟು ಬಂತು, ಸಾಹೇಬರ ಮೇಲೆ ಬಂತು, ಸಕ್ಕರೆ ಹಂಚಿದ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು. ಆದರೂ ಏನು ಮಾಡುವುದೆಂದು ತೋಚದೆ ನಾನೂ ಕೂತು ತೆನೆ ಆಯ್ದೆ.

ಕೊನೆಗೂ ಈ ಬೇಸಿಗೆಯಲ್ಲಿ ನೋಟೀಸು ಬಂತು: ಸಾಹೇಬರು ಸಕಲೇಶಪುರದ ಬಂಗಲೆಯಲ್ಲಿ ಕ್ಯಾಂಪು ಮಾಡುತ್ತಾರೆ, ಹಾಜರಾಗಿ ಹೇಳುವುದನ್ನು ಹೇಳತಕ್ಕದ್ದು. ವಕೀಲರು ನನ್ನನ್ನು ಕೂರಿಸಿಕೊಂಡು ಎಚ್ಚರಿಕೆ ಹೇಳಿದರು. ಜೀಪಿನ ಸಾಹೇಬರು ವರ್ಗವಾಗಿ ಹೋಗಿದ್ದಾರೆ, ಈಗ ಇರುವವರು ಹೊಸಬರು. ದ್ಯಾವಯ್ಯ ಅವತ್ತು ಹೇಳಿದ್ದನ್ನು ಫೈಲಿನಲ್ಲಿ ಯಾರೂ ಬರೆದಿಟ್ಟಿಲ್ಲ. ತಪ್ಪು ಮಾಡಿದಿರೆಂದು ತೋರಿಸಬೇಕಾದವರು ಅವರು, ತೋರಿಸಲು ಅವರ ಹತ್ತಿರ ಏನೂ ಇಲ್ಲ. ಆದ್ದರಿಂದ ನೀವು ಒಬ್ಬರೇ ಬನ್ನಿ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಸಂಜೆಗೆ ಕೋವಿ ನಿಮ್ಮ ಮನೆಯಲ್ಲಿರುತ್ತದೆ ಎಂದರು.

ಒಬ್ಬರೇ ಬನ್ನಿ ಎಂಬ ಮಾತು ಮಾತ್ರ ನಮ್ಮ ಊರಿನಲ್ಲಿ ನಡೆಯುವುದಿಲ್ಲ. ಒಬ್ಬನ ಗದ್ದೆಗೆ ನಾಟಿಯೆಂದರೆ ಊರೇ ಇಳಿಯುವಾಗ, ಒಬ್ಬನಿಗೆ ಕಚೇರಿಯ ಕೆಲಸವೆಂದರೆ ಊರು ಮನೆಯಲ್ಲಿ ಕೂತಿರುವುದುಂಟೇ? ನಾನು ಬೆಳಿಗ್ಗೆ ಬಸ್ಸಿಗೆ ಗುಟ್ಟಾಗಿ ಹೋದೆ. ಬಂಗಲೆಯ ಮುಂದೆ ಇಳಿದು ನೋಡಿದರೆ ಕಾಫಿ ಮೂಟೆಯ ಲಾರಿಯಿಂದ ದ್ಯಾವಯ್ಯ ಇಳಿಯುತ್ತಿದ್ದಾನೆ, ಒಗೆದ ಪಂಚೆ, ಹೊಸ ರುಮಾಲು, ಅವನ ಹಿಂದೆ ಲಕ್ಕಯ್ಯ, ಅವನ ಹಿಂದೆ ಮಾರಮ್ಮ, ಅವಳ ಹಿಂದೆ ಇಡೀ ಹಿರಿಗದ್ದೆ. ‘ನೀವೊಬ್ರೇ ಹೋಗಿ ನಿಂತ್ರೆ ನಮ್ ಮರ್ಯಾದೆ ಏನ್ ಉಳೀತದೆ ಮಾರಾಯ್ರೇ’ ಎಂದ ದ್ಯಾವಯ್ಯ. ವಕೀಲರು ಲಾರಿಯನ್ನು ನೋಡಿ, ನನ್ನನ್ನು ನೋಡಿ, ಆಕಾಶ ನೋಡಿದರು.

ಹೊಸ ಸಾಹೇಬರು ನಿಧಾನಸ್ಥರು. ಕೇಳಬೇಕೆಂದು ಹೈಕೋರ್ಟಿನ ಆಜ್ಞೆಯಿದೆ, ನಾನು ಎಲ್ಲರನ್ನೂ ಕೇಳುತ್ತೇನೆ ಎಂದು ಪೆನ್ನಿನ ಮುಚ್ಚಳ ತೆಗೆದರು. ದ್ಯಾವಯ್ಯ ಮುಂದೆ ಬಂದು ಕೈಮುಗಿದು, ‘ದೇವ್ರಂಥ ಮನುಷ್ಯ ಸಾಮಿ ಇವ್ರು. ಆ ಕೋವೀನ ಒಂದ್ ದಿನಾನೂ ತಮ್ ಮನೇಲೇ ಇಟ್ಕಂಡೋರಲ್ಲ. ಯಾರ್ ಬಂದು ಕೇಳಿದ್ರೂ ಇಲ್ಲ ಅಂದೋರಲ್ಲ’ ಎಂದ. ವಕೀಲರು ಕೆಮ್ಮಿದರು. ಲಕ್ಕಯ್ಯ, ‘ಇವ್ರಿಂದ ಯಾರ ಪ್ರಾಣಕ್ಕೂ ಭಯ ಇಲ್ಲ ಸಾಮಿ, ಇವ್ರಿಗೆ ಕೋವಿ ಹೊಡಿಯಕ್ಕೇ ಬರಲ್ಲ, ಎಲ್ಲಾ ನಾವೇ ಹೊಡ್ಕತೀವಿ’ ಎಂದ. ವಕೀಲರು ಇನ್ನೂ ಜೋರಾಗಿ ಕೆಮ್ಮಿದರು. ದ್ಯಾವಯ್ಯ ಅವರ ಕಡೆ ತಿರುಗಿ, ಶುಂಠಿ ಕಾಳುಮೆಣಸಿನ ಕಷಾಯ ಕುಡೀರಿ ಸಾಹೇಬ್ರೇ, ಒಂದೇ ದಿನಕ್ಕೆ ಹೋಗ್ಬುಡ್ತದೆ ಎಂದು ಹೇಳಿಕೊಟ್ಟ. ಊರಿನವರು ಒಬ್ಬರಾದ ಮೇಲೊಬ್ಬರು ಬಂದು ನನ್ನ ಗುಣಗಾನ ಮಾಡಿದರು, ಸಾಹೇಬರು ಒಂದಕ್ಷರ ಬಿಡದೆ ಬರೆದುಕೊಂಡರು. ಲೈಸೆನ್ಸಿನ ಷರತ್ತನ್ನು ಇಷ್ಟು ಸಂಪೂರ್ಣವಾಗಿ ಮುರಿದವನೊಬ್ಬನಿಗೆ ಇಷ್ಟು ಪ್ರೀತಿಯ ಸಾಕ್ಷಿಗಳು ಹಿಂದೆಂದೂ ಸಿಕ್ಕಿರಲಾರರು.

ಕೊನೆಯಲ್ಲಿ ಮಾರಮ್ಮ ಬಂದಳು. ‘ನನ್ ಗದ್ದೆ ಕಾಡಿಗೆ ಅಂಟ್ಕಂಡೈತೆ. ಹಂದಿ ಬಂದ್ರೆ ಹೊಡಿಯೋಳು ನಾನು. ಈ ಗಂಡಸ್ರು ಹೊಡೆದ್ರೆ ಅದು ಓಡ್ತದೆ, ನಾನ್ ಹೊಡೆದ್ರೆ ಬೀಳ್ತದೆ. ಎರಡ್ ವರ್ಷದಿಂದ ನನ್ ಮಗಳು ನಮ್ ಗದ್ದೆ ಅನ್ನ ಉಂಡಿಲ್ಲ. ಕೋವಿ ಯಾರ್ ಹೆಸ್ರಲ್ಲಾದ್ರೂ ಇರ್ಲಿ, ಊರಿಗೆ ಕೊಟ್ಬುಡಿ’ ಎಂದಳು. ಸಾಹೇಬರು ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ನಸ್ರುಲ್ಲಾ ಸಾಹೇಬರು ಕೆಮ್ಮುವುದನ್ನೂ ಬಿಟ್ಟುಬಿಟ್ಟಿದ್ದರು.

ಈ ಸಲದ ಆದೇಶ ಒಂದೇ ಸಾಲಿನದಲ್ಲ. ಯಾರು ಏನು ಹೇಳಿದರು, ಅದರಿಂದ ಏನು ಸಾಬೀತಾಯಿತು, ಯಾವ ಷರತ್ತು ಎಲ್ಲಿ ಮುರಿಯಿತು, ಎಲ್ಲವನ್ನೂ ಬಿಡಿಸಿ ಬರೆದು, ಕೊನೆಗೆ ಶಾಂತಮಲ್ಲಪ್ಪನ ಲೈಸೆನ್ಸು ರದ್ದು ಎಂದಿತ್ತು. ವಕೀಲರು ಪೂರ್ತಿ ಓದಿ ಕಾಗದ ಮಡಿಸಿದರು. ನಿಮ್ಮನ್ನು ಕೇಳಿದ್ದಾರೆ, ನಿಮ್ಮ ಮಾತನ್ನು ಬರೆದಿದ್ದಾರೆ, ಕಾರಣ ಕೊಟ್ಟಿದ್ದಾರೆ, ಇನ್ನು ಯಾವ ಕೋರ್ಟಿಗೆ ಹೋದರೂ ಕೈ ಹಾಕಲು ಇದರಲ್ಲಿ ಸಂದಿಲ್ಲ ಎಂದರು. ಕೇಳಬೇಕೆಂದು ಬೆಂಗಳೂರಿನವರೆಗೆ ಹೋಗಿ ಹೋರಾಡಿದೆ, ಕೇಳಿದರು, ಸೋತೆ. ನನಗೆ ಊರವರ ಮೇಲೆ ಕೋಪ ಬಂತು, ಸುಳ್ಳೇಕೆ ಹೇಳಲಿ. ಆದರೆ ಒಂದು ದಿನದ ಗೇಯ್ಮೆ ಬಿಟ್ಟು, ಒಗೆದ ಬಟ್ಟೆ ಉಟ್ಟು, ಲಾರಿಯಲ್ಲಿ ನಿಂತುಕೊಂಡು ನನಗಾಗಿ ಬಂದವರ ಮೇಲೆ ಎಷ್ಟು ಹೊತ್ತು ಕೋಪ ಇಟ್ಟುಕೊಳ್ಳುವುದು? ದ್ಯಾವಯ್ಯನಂತೂ, ನಾವು ಒಳ್ಳೇದನ್ನೇ ಹೇಳಿದ್ವಲ್ಲ ಎಂದು ಈಗಲೂ ಕೇಳುತ್ತಾನೆ, ಒಳ್ಳೇದನ್ನೇ ಹೇಳಿದೆ ಕಣಪ್ಪ ಎನ್ನುತ್ತೇನೆ.

ಆ ಆದೇಶದ ಬಾಲದಲ್ಲಿ ಇನ್ನೊಂದು ಮಾತಿತ್ತು. ನಿಜವಾಗಿ ಬೆಳೆ ಕಾಯುವವರೂ ಆಯುಧ ಬಳಸಲು ಬಲ್ಲವರೂ ಆದ ಅದೇ ಊರಿನ ಯಾರಾದರೂ ತಮ್ಮ ಸ್ವಂತ ಹೆಸರಿನಲ್ಲಿ ಲೈಸೆನ್ಸು ಕೇಳಿದರೆ ಅದನ್ನು ಪರಿಶೀಲಿಸಲಾಗುವುದು ಎಂದು. ಮಾರಮ್ಮ ಮರುದಿನವೇ ಹೆಬ್ಬೆಟ್ಟು ಒತ್ತಿದಳು. ಅರ್ಜಿ ತೆಗೆದುಕೊಂಡ ಗುಮಾಸ್ತರು, ಹೆಂಗಸಿಗೇತಕ್ಕಮ್ಮ ಕೋವಿ, ಗಂಡನ ಒಪ್ಪಿಗೆ ಪತ್ರ ತಂದಿದ್ದೀಯಾ ಎಂದರಂತೆ. ‘ನೀವೇ ಹೋಗಿ ಅವನ ಹತ್ರ ಬರುಸ್ಕೊಂಡ್ ಬನ್ನಿ ಸಾಮಿ, ದಾರಿ ನಾನ್ ತೋರುಸ್ತೀನಿ’ ಎಂದಳಂತೆ ಇವಳು. ಆ ಮೇಲೆ ಅರ್ಜಿ ಸರಾಗವಾಗಿ ಮುಂದಿನ ಮೇಜಿಗೆ ಹೋಯಿತು. ಈಗ ಅದು ಯಾವುದೋ ವರದಿಗಾಗಿ ಎಲ್ಲಿಯೋ ಕಾಯುತ್ತಿದೆ, ಇತ್ತ ಮೂಲೆ ಗದ್ದೆಯಲ್ಲಿ ಭತ್ತ ಯಾರನ್ನೂ ಕಾಯದೆ ಹಾಲು ತುಂಬುತ್ತಿದೆ.

ಆದ್ದರಿಂದ ಮಾನ್ಯರೇ, ಕಾಗದ ಬರೆದ ಉದ್ದೇಶಕ್ಕೆ ಬರುತ್ತೇನೆ. ಮಾರಮ್ಮನ ಅರ್ಜಿ ತೀರ್ಮಾನವಾಗುವವರೆಗೆ ತಾವು ಆ ಗದ್ದೆಗೆ ಇಳಿಯದಂತೆ ತಮಗೆ ತಾವೇ ಒಂದು ತಡೆಯಾಜ್ಞೆ ಕೊಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಅದು ಆಗದಿದ್ದರೆ ಇಳಿಯುವ ಮೊದಲು ಒಂದು ನೋಟೀಸು ಕೊಡಿ; ತಮಗೆ ಬರಹ ಬಾರದಿದ್ದರೆ ಬದುವಿನ ಮೇಲೆ ನಿಂತು ಒಂದು ಸಲ ಗುರುಗುಟ್ಟಿದರೂ ಸಾಕು, ಅದನ್ನೇ ನೋಟೀಸೆಂದು ತಿಳಿಯುತ್ತೇವೆ. ಭತ್ತಕ್ಕೆ ತನ್ನ ಮಾತು ಹೇಳಲು ಅವಕಾಶ ಕೊಡಿ. ತಿಂದ ಮೇಲೆ ಏಕೆ ತಿಂದಿರಿ ಎಂಬುದಕ್ಕೆ ಕಾರಣ ಕೊಡಿ, ಹಸಿವು ಎಂಬ ಒಂದೇ ಸಾಲಿನ ಆದೇಶ ಹೈಕೋರ್ಟಿನಲ್ಲಿ ನಿಲ್ಲುವುದಿಲ್ಲ. ಇಷ್ಟಾಗಿಯೂ ತಡೆಯಲಾಗದಿದ್ದರೆ ಮೂಲೆ ಗದ್ದೆ ದಾಟಿ ನನ್ನ ಗದ್ದೆಗೆ ಬನ್ನಿ. ಪಡುವಣ ಕಡೆಯ ಬೇಲಿಯನ್ನು ನಾನೇ ಬಿಚ್ಚಿಟ್ಟಿದ್ದೇನೆ, ನಾಯಿಯನ್ನು ಕಟ್ಟಿದ್ದೇನೆ, ದೇವೀರಮ್ಮನಿಗೆ ಹೇಳಿಲ್ಲ. ನನ್ನದನ್ನು ಪೂರ್ತಿ ತಿನ್ನಿ. ಆ ಹುಡುಗಿ ಇನ್ನೊಂದು ವರ್ಷ ಕೆಸರಿನಲ್ಲಿ ಬಗ್ಗಿ ತೆನೆ ಆಯುವುದನ್ನು ನೋಡುವ ಶಕ್ತಿ ನನಗಿಲ್ಲ.

ತಮ್ಮ ಕೋರೆಗೆ ಹೆದರುವ, ತಮ್ಮ ಹಸಿವನ್ನು ಬಲ್ಲ, ಈಗ ಕೋವಿಯೂ ಇಲ್ಲದ, ಮೊದಲು ಇದ್ದರೂ ಇಲ್ಲದಂತಿದ್ದ,
ತಮ್ಮ ವಿಶ್ವಾಸಿ,
ಶಾಂತಮಲ್ಲಪ್ಪ

ಕಾಗದ ಮಡಿಸುವ ಮೊದಲು ಸೇರಿಸಿದ್ದು: ಈ ಕಾಗದವನ್ನು ಬೇಲಿಯ ಗೂಟಕ್ಕೆ ಸಿಕ್ಕಿಸಿ ಬರಲು ದ್ಯಾವಯ್ಯ ಮಳೆ ಬಿಡುವುದನ್ನು ಕಾಯುತ್ತಿರುವಾಗಲೇ ಸುದ್ದಿ ಬಂತು. ಮಾರಮ್ಮನಿಗೆ ಲೈಸೆನ್ಸು ಆಗಿದೆ. ಠಾಣೆಯಲ್ಲಿದ್ದ ನನ್ನ ಕೋವಿಯನ್ನು ಕಾನೂನು ಪ್ರಕಾರ ಅವಳಿಗೇ ವಹಿಸಿಕೊಟ್ಟೆ. ಸಂಜೆಯೇ ಸರದಿ ಕೇಳಲು ಹೋದ ದ್ಯಾವಯ್ಯನಿಗೆ, ‘ಕೋವಿ ಬರಲ್ಲ ಕಣೋ, ಬೇಕಾದ್ರೆ ಕೋವಿ ಜೊತೆ ನಾನೇ ಬತ್ತೀನಿ’ ಎಂದಳಂತೆ. ಇನ್ನು ಮುಂದೆ ಊರಿನ ಎಲ್ಲ ಗದ್ದೆಗೂ ಅವಳೇ ಮುಯ್ಯಿಗೆ ಬರುತ್ತಾಳೆ. ಆದ್ದರಿಂದ ಮೇಲಿನ ನನ್ನ ಕೋರಿಕೆಗಳನ್ನೆಲ್ಲ, ನನ್ನ ಗದ್ದೆಯ ಊಟದ ಆಹ್ವಾನವನ್ನೂ ಸೇರಿಸಿ, ವಾಪಸು ತೆಗೆದುಕೊಂಡಿದ್ದೇನೆ. ಈ ಕಾಗದವನ್ನು ಅವಳಿಗೆ ಓದಿ ಹೇಳಿದೆ, ಹಂದಿಗೆ ಇಷ್ಟೊಂದು ಮಾತ್ಯಾಕೆ ಎಂದು ಎದ್ದು ಅಟ್ಟಣೆಗೆ ಹೋದಳು. ತಾವು ಅವಶ್ಯವಾಗಿ ಬನ್ನಿ. ಅವಳು ನೋಟೀಸು ಕೊಡುವುದಿಲ್ಲ, ವಾದ ಕೇಳುವುದಿಲ್ಲ, ಕಾರಣ ಬರೆಯುವುದಿಲ್ಲ, ಆದರೂ ಅವಳು ಕೊಟ್ಟ ತೀರ್ಪಿನ ಮೇಲೆ ತಮ್ಮ ಚಿಕ್ಕಪ್ಪನವರೂ ಸೇರಿದಂತೆ ತಮ್ಮ ಕುಲದವರು ಯಾರೂ ಇದುವರೆಗೆ ಅಪೀಲು ಹಾಕಿಲ್ಲ.